ದೇವೀರಮ್ಮನ ಪಾಲಿನ ಗಿಣ್ಣು

ನಿನ್ನೆ ಅಂಗಡಿಯಲ್ಲಿ ಗಿಣ್ಣು ಹಾಲಿನ ಪ್ಯಾಕೆಟ್ ಕಂಡಿತು. ತಂದು ಬೆಲ್ಲ ಹಾಕಿ ಬೇಯಿಸುವಾಗ, ಆ ವಾಸನೆಗೆ ಅಕ್ಕಿಹೆಬ್ಬಾಳಿನ ನಮ್ಮ ಕೊಟ್ಟಿಗೆ ನೆನಪಾಯಿತು.

ಆಗ ನಮ್ಮದೊಂದು ಸೀಮೆಹಸು ಇತ್ತು. ಬೆಳಿಗ್ಗೆ ಸಗಣಿ ಬಾಚುವುದು ನಾನು, ಹುಲ್ಲು ತರುವುದು ಅಪ್ಪ, ಹಾಲು ಕರೆಯುವುದು ಅವ್ವ. ಗಬ್ಬವಾಗಿದ್ದಾಗ ಅದು ಹಗ್ಗ ಕಿತ್ತುಕೊಂಡು ಹೋಗಿ ಪಕ್ಕದ ಮನೆ ದೇವೀರಮ್ಮನ ರಾಗಿ ಪೈರು ಮೇಯ್ದುಬಿಟ್ಟಿತು. ಅಂದಿನಿಂದ ಅವ್ವನಿಗೂ ಅವಳಿಗೂ ಮಾತಿಲ್ಲ.

ಹಸು ಕರು ಹಾಕಿತು. ಗಿಣ್ಣು ಹಾಲನ್ನು ನಾವು ಮಾರುತ್ತಿರಲಿಲ್ಲ, ಹಂಚುತ್ತಿದ್ದೆವು. ಅವ್ವ ಮೊದಲ ಚೊಂಬು ತುಂಬಿಸಿ, "ದೇವೀರಮ್ಮಂಗೆ ಕೊಟ್ಬುಟ್ಟು ಬಾ" ಅಂದಳು.

"ನೀವು ಮಾತೇ ಆಡಲ್ವಲ್ಲವ್ವ?"

"ಅವ್ಳ ಪೈರು ತಿಂದಿರೋ ಹಸ ಕಣಮ್ಮಿ. ಅವ್ಳ ಪಾಲು ಅವ್ಳಿಗೆ ಓಗ್ಲಿ."

ದೇವೀರಮ್ಮ ಚೊಂಬು ಈಸಿಕೊಂಡು ಒಳಗೆ ಹೋದಳು. ಖಾಲಿ ಚೊಂಬು ಕೊಡಬಾರದಲ್ಲ, ಒಂದು ಅಚ್ಚು ಬೆಲ್ಲವಿಟ್ಟು ತಂದಳು. "ನಿಮ್ಮವ್ವಂಗೆ ಯೋಳು, ಹಾಲು ಗಟ್ಟಿಯಾಗೇ ಅದೆ. ತಿಂದಿದ್ದು ನಮ್ಮ ರಾಗಿ ಅಲ್ವಾ!"

ಹೇಳಿದೆ. ಅವ್ವ ಆ ಬೆಲ್ಲವನ್ನೇ ಕುಟ್ಟಿ ನಮ್ಮ ಗಿಣ್ಣಿಗೆ ಹಾಕಿದಳು.

ನಿನ್ನೆಯ ಗಿಣ್ಣೂ ಚೆನ್ನಾಗಿಯೇ ಇತ್ತು. ಖಾಲಿ ಪ್ಯಾಕೆಟ್ಟನ್ನು ಕಸದ ಡಬ್ಬಿಗೆ ಹಾಕಿದೆ. ಬೆಲ್ಲವಿಟ್ಟು ವಾಪಸ್ ಕೊಡೋಣವೆಂದರೆ ಅದು ಯಾರ ಮನೆಯಿಂದಲೂ ಬಂದದ್ದಲ್ಲ.