ಸೋದರತ್ತೆಯ ಕೆಮ್ಮು

ನಮ್ಮಲ್ಲಿ ತೊಟ್ಟಿಲ ಶಾಸ್ತ್ರದ ದಿನ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು. ನನ್ನ ಮಗಳ ಕಿವಿಗೆ ಬಾಯಿಟ್ಟು ಹೆಸರು ಹೇಳಿದವಳು ನನ್ನ ಗಂಡನ ಅಕ್ಕ. ಹೇಳುವಷ್ಟರಲ್ಲಿ ಎರಡು ಸಲ ಕೆಮ್ಮಿದಳು, ಮಗುವಿನ ಮುಖದ ಮೇಲೆಯೇ. ಡ್ಯೂಟಿಯಲ್ಲಿ ಎಸಿ ಜಾಸ್ತಿ, ಒಣ ಕೆಮ್ಮು ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಅವಳು ನರ್ಸ್. ಕೆಲಸ ಮಾಡುವುದು ಹೆರಿಗೆ ಆಸ್ಪತ್ರೆಯೊಂದರ ಹಸುಗೂಸುಗಳ ವಾರ್ಡಿನಲ್ಲಿ. ಅವಳಿಗೆ ಗೊತ್ತಿಲ್ಲದ್ದೇ ಎಂದು ನಾನು ಸುಮ್ಮನಿದ್ದೆ.

ಆಮೇಲೆ ಮಗಳಿಗೆ ಕೆಮ್ಮು ಶುರುವಾಯಿತು. ಒಂದು ಮಧ್ಯಾಹ್ನ ಕೆಮ್ಮಿ ಕೆಮ್ಮಿ ಉಸಿರು ಕಟ್ಟಿ ತುಟಿ ನೀಲಿಗಟ್ಟಿತು. ಲಿಂಗರಾಜಪುರದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಆಟೋದಲ್ಲಿ ಕೂತು ಅವಳ ಬೆನ್ನು ತಟ್ಟುತ್ತಿದ್ದೆ. "ಘಬ್ರಾವ್ ನಕ್ಕೋ ಅಮ್ಮಾ", ಹೆದರಬೇಡಿ ಎನ್ನುತ್ತ ಆಟೋದವರು ಹಾರ್ನಿನಿಂದ ಕೈ ತೆಗೆಯಲೇ ಇಲ್ಲ. ಆಸ್ಪತ್ರೆಯಲ್ಲಿ ಅದು ನಾಯಿಕೆಮ್ಮು ಎಂದರು. ಲಸಿಕೆ ಹಾಕುವ ವಯಸ್ಸೂ ಆಗಿಲ್ಲದ ಕೂಸಿಗೆ ದೊಡ್ಡವರಿಂದಲೇ ಬಂದಿರಬೇಕು, ಮನೆಯಲ್ಲಿ ಯಾರಿಗೆ ಕೆಮ್ಮಿತ್ತು ಎಂದು ಡಾಕ್ಟರ್ ಕೇಳಿದರು. ನನ್ನ ಅತ್ತೆಯ ತೀರ್ಪು ಬೇರೆ: ಬಾಣಂತಿ ಒದ್ದೆ ತಲೆಯಲ್ಲಿ ಹಾಲು ಕುಡಿಸಿದ್ದಾಳೆ, ಶೀತ ಮಗುವಿಗೆ ಇಳಿದಿದೆ. ಗಂಡನ ಅಕ್ಕ ಅಲ್ಲೇ ನಿಂತಿದ್ದಳು. ಬಾಯಿ ಬಿಟ್ಟಳು, ಬಿಟ್ಟು ಹೇಳಿದ್ದೇನು?

"ಸ್ವಲ್ಪ ಹುಷಾರಾಗಿರ್ಬೇಕಿತ್ತು ಕಣೇ."

ಮಗಳು ಉಳಿದುಕೊಂಡಳು. ಆದರೆ ನಾಲ್ಕು ಜನ ನೆಂಟರು ಸೇರಿದಲ್ಲೆಲ್ಲ ಅತ್ತೆ ನನ್ನ ಒದ್ದೆ ತಲೆಯ ಕಥೆ ತೆಗೆಯುತ್ತಿದ್ದರು. ಮುಂದೊಮ್ಮೆ ನಮ್ಮ ಮನೆಯಲ್ಲೇ ಊಟ ಮಾಡುತ್ತ ಗಂಡನ ಅಕ್ಕ ಹೆಮ್ಮೆಯಿಂದ ಹೇಳಿಕೊಂಡಳು: ಅವಳ ವಾರ್ಡಿನವರಿಗೆಲ್ಲ ನಾಯಿಕೆಮ್ಮಿನ ಲಸಿಕೆ ಪುಕ್ಕಟೆ ಹಾಕಿದ್ದರಂತೆ, ಇವಳು ಮಾತ್ರ ತೋಳು ಕೊಡಲಿಲ್ಲವಂತೆ. ಇಷ್ಟು ವರ್ಷದಲ್ಲಿ ಏನೂ ಆಗದವಳಿಗೆ ಈಗ ಯಾಕಂತೆ. ಚುಚ್ಚುವುದು ಅವಳ ತೋಳಿಗಾದರೂ ಅದು ಅವಳಿಗೋಸ್ಕರ ಅಲ್ಲ, ಅವಳು ಎತ್ತಿಕೊಳ್ಳುವ ಕೂಸುಗಳಿಗೋಸ್ಕರ. ನರ್ಸಿಗೆ ಇದನ್ನು ನಾನು ಹೇಳಿಕೊಡಬೇಕೇ? ಸಾರು ಬಡಿಸುತ್ತಿದ್ದ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಅದನ್ನು ಆರಲು ನಾನು ಬಿಡಲಿಲ್ಲ.

ಮಗಳಿಗೆ ಐದು ವರ್ಷ ತುಂಬಿದ ಮೇಲೆ ಮಗ ಹುಟ್ಟಿದ. ತೊಟ್ಟಿಲ ದಿನ ಗೊತ್ತಾದ ಕೂಡಲೇ ಗಂಡನ ಕೈಯಲ್ಲಿ ಹೇಳಿ ಕಳಿಸಿದೆ: ಹೆಸರು ಹೇಳಬೇಕೆಂದರೆ ಅವರಕ್ಕ ಈಗಲೇ ಲಸಿಕೆ ಹಾಕಿಸಿಕೊಳ್ಳಲಿ. ಅವಳು ನಕ್ಕುಬಿಟ್ಟಳಂತೆ.

ಆ ದಿನ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಕಾಕ್ಸ್‌ಟೌನಿನ ಬೇಕರಿಯ ಡಬ್ಬಿ ಹಿಡಿದು ಬಂದಳು. ರವಿಕೆಯ ತೋಳಿನ ಕೆಳಗೆ ಒಂದು ಪ್ಲಾಸ್ಟರ್. ಅದನ್ನು ನೆಂಟರಿಗೆಲ್ಲ ತೋರಿಸಿದಳು.

"ಬೆಳಗ್ಗೆ ಹಾಕಿಸ್ಕೊಂಡೇ ಬಂದೆ. ಈಗ ಸಮಾಧಾನಾನಾ?"

ನಾನು ಕಾಯುತ್ತಿದ್ದ ಗಳಿಗೆ ಅದು. ಮಗುವನ್ನು ಎದೆಗೊತ್ತಿಕೊಂಡು, ಅಕ್ಕ, ನೀವು ನರ್ಸು, ಇದು ಕೆಲಸ ಮಾಡುವುದಕ್ಕೆ ಎಷ್ಟು ದಿನ ಬೇಕು ನೀವೇ ಹೇಳಿ ಎಂದೆ. ಅವಳ ಮುಖ ಇಳಿಯಿತು. ಎರಡು ವಾರ ಎಂದು ಗೊಣಗಿದಳು. ಅತ್ತೆಗೆ ಕೇಳಿಸಲಿಲ್ಲ ಎಂದೆ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು.

"ಹಾಗೇ ಇದನ್ನೂ ಹೇಳ್ಬಿಡಿ ಅಕ್ಕ. ಆವತ್ತು ನನ್ನ ಮಗಳಿಗೆ ಬಂದಿದ್ದು ನನ್ನ ಒದ್ದೆ ತಲೆಯಿಂದಾನಾ?"

ತೊಟ್ಟಿಲ ಹಾಡು ಹೇಳಲು ಬಂದಿದ್ದ ಹೆಂಗಸರೆಲ್ಲ ಅವಳನ್ನೇ ನೋಡಿದರು. ಅವಳು ಪ್ಲಾಸ್ಟರಿನ ಮೇಲೆ ಸೆರಗು ಎಳೆದುಕೊಂಡು ತನ್ನ ತಾಯಿಯ ಕಡೆ ತಿರುಗಿದಳು.

"ಇಲ್ಲಮ್ಮ. ತಲೆ ಒದ್ದೆ ಇದ್ರೆ ಅದು ಬರಲ್ಲ. ನನ್ನ ಕೆಮ್ಮೇ ಇರ್ಬೇಕು."

ಅತ್ತೆ ನನ್ನ ಕಡೆ ನೋಡದೆ ತೊಟ್ಟಿಲ ಕಡೆ ತಿರುಗಿದರು. ಹಾಗಾದರೆ ಹೆಸರು ಹೇಳುವವರು ಯಾರು ಎಂದರು. ನಾನು ಮಗಳನ್ನು ಕರೆದೆ. ಅವಳ ಒಂದು ಲಸಿಕೆಯನ್ನೂ ನಾನು ತಪ್ಪಿಸಿರಲಿಲ್ಲ. ಅವಳು ತೊಟ್ಟಿಲಿಗೆ ಬಗ್ಗಿ ತಮ್ಮನ ಕಿವಿಯಲ್ಲಿ ಹೆಸರು ಹೇಳಿದಳು. ಸೋದರತ್ತೆಗೆಂದು ತಂದಿದ್ದ ಸೀರೆಯನ್ನು ಬಾಗಿಲ ಹತ್ತಿರವೇ ಕೊಟ್ಟೆ, ಶಾಸ್ತ್ರ ಬಿಡಬಾರದಲ್ಲ. ಅಂದಿನ ಊಟ ಬಹಳ ರುಚಿಯಾಗಿತ್ತು. ಒಬ್ಬಟ್ಟು ಕೇಳಿ ಹಾಕಿಸಿಕೊಂಡೆ.

ಎರಡು ವಾರ ಕಳೆದ ಮೇಲೆ ಗಂಡನ ಅಕ್ಕ ಒಬ್ಬಳೇ ಬಂದಳು. ಹೇಳಿಸಿಕೊಳ್ಳದೆ ಕೈ ತೊಳೆದುಕೊಂಡು ಬಂದು ನಿಂತಳು. ಮಗುವನ್ನು ಕೊಟ್ಟೆ. ಅವನ ಕಿವಿಯ ಹತ್ತಿರ ಬಾಯಿ ತಂದು, ಅಪ್ಪಣೆ ಕೇಳುವಂತೆ ನನ್ನ ಮುಖ ನೋಡಿದಳು.

"ಅವನಿಗೆ ಅವನ ಹೆಸರು ಗೊತ್ತಕ್ಕಾ" ಎಂದೆ.