ಸೂಜಿ ಅತ್ತೆಯ ನಾಟಕ ಕಂಪನಿ

ಆ ಮನೆಯಲ್ಲಿ ಒಂದು ನಾಟಕ ಕಂಪನಿ ಇದೆ ಅಂತ ಅಕ್ಕಪಕ್ಕದವರೆಲ್ಲ ನಂಬಿದ್ದರು. ನಂಬದೆ ಇನ್ನೇನು ಮಾಡಿಯಾರು? ಭಾನುವಾರ ಬಂತೆಂದರೆ ಗೋಡೆಯಾಚೆಯಿಂದ "ಡಾಕ್ಟ್ರೇ, ನನ್ನದೊಂದು ಪ್ರಶ್ನೆ ಇದೆ!" ಅಂತ ಒಂದು ಗಂಟಲು, "ಇನ್ನೂ ಜೋರಾಗಿ ಹೇಳು, ಡಾಕ್ಟ್ರು ತಲೆ ಎತ್ತಲಿಲ್ಲ!" ಅಂತ ಇನ್ನೊಂದು. ಅದರ ಬೆನ್ನಿಗೇ ಸೂರು ಹಾರುವಂಥ ನಗು.

"ವರ್ಷಗಟ್ಟಲೆಯಿಂದ ಅದೇ ನಾಟಕ ಕಣ್ರೀ. ಅದೇ ಡಾಕ್ಟ್ರು, ಅದೇ ರೋಗಿ. ಪ್ರದರ್ಶನ ಮಾತ್ರ ಕಾಣೆ," ಅಂತ ಮಹಡಿ ಮೇಲಿನ ಮುದುಕಪ್ಪ ಗೊಣಗುತ್ತಿದ್ದ. "ಟಿಕೆಟ್ ಇಡಲಿ, ಮೊದಲ ಸಾಲು ನಂದೇ," ಅನ್ನುತ್ತಿದ್ದಳು ಎದುರುಮನೆಯಾಕೆ.

ಆ ಮನೆಯ ಸೂಜಿ ಅತ್ತೆ ಯಾರನ್ನೂ ತಿದ್ದಲು ಹೋಗಲಿಲ್ಲ. "ಹ್ಞೂಂ, ತಾಲೀಮು ನಡೀತಿದೆ," ಅಂತ ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳ ಸಂದಿಯಿಂದಲೇ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸುಳ್ಳೇನಲ್ಲ, ತಾಲೀಮೇ. ಯಾವುದರ ತಾಲೀಮು ಅನ್ನೋದು ಬೀದಿಗೆ ಬೇಡವಾದ ಮಾತು, ಅಷ್ಟೆ.

ಅತ್ತೆಯ ಕಸುಬು ಹೊಲಿಗೆ. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಅಣ್ಣ ಅತ್ತಿಗೆ ಇಬ್ಬರೂ ಎಚ್‌ಐವಿಯಿಂದ ತೀರಿಕೊಂಡಾಗ ಅವರ ಕೈಗೂಸು ಈಕೆಯ ಮಡಿಲಿಗೆ ಬಂತು. ತಾಯಿಯಿಂದ ಆ ವೈರಸ್ಸನ್ನೂ ಹೊತ್ತೇ ಬಂತು. ಮೈ ನೋಡಿದರೆ ಅಂಗೈಯಗಲ, ಗಂಟಲು ನೋಡಿದರೆ ಊರಗಲ. ಅದಕ್ಕೇ 'ಮೆಣಸು' ಅಂತ ಹೆಸರು ನಿಂತಿತು.

ಮೆಣಸನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಾಗಲೆಲ್ಲ ಅತ್ತೆ ಒಂದನ್ನು ಗಮನಿಸುತ್ತಿದ್ದಳು. ಬೆಂಚಿನ ತುಂಬ ಮೀಸೆ ಚಿಗುರುತ್ತಿರುವ ಹುಡುಗರು, ಎರಡು ಜಡೆಯ ಹುಡುಗಿಯರು. ದಿನಾ ತಪ್ಪದೆ ಗುಳಿಗೆ ನುಂಗಿದರೆ ಎಲ್ಲರ ಹಾಗೆ ಓದಿ, ದುಡಿದು, ಮದುವೆಯಾಗಿ ಬಾಳಬಹುದಾದ ಮಕ್ಕಳು. ಆದರೆ ನುಂಗೋರು ಅವರು, ಮಾತಾಡೋರು ಮನೆಯ ದೊಡ್ಡವರು. ಡಾಕ್ಟರು "ಹೇಗಿದ್ದೀಯಪ್ಪಾ?" ಅಂದರೆ ಅಮ್ಮ ಉತ್ತರ ಕೊಡುತ್ತಿದ್ದಳು, ಅಮ್ಮ ಇಲ್ಲದಿದ್ದರೆ ಅಜ್ಜಿ. ಮಕ್ಕಳು ಕಾಲಿನ ಉಗುರು ನೋಡಿಕೊಂಡು ಕೂರುತ್ತಿದ್ದರು.

"ಈ ಮಕ್ಕಳಿಗೆ ಆಸ್ಪತ್ರೆ ವಾಸನೆ ಇಲ್ಲದ ಒಂದು ಕೋಣೆ ಬೇಕಿತ್ತು," ಅಂದಳು ಅಲ್ಲಿಯ ಆಪ್ತಸಮಾಲೋಚಕಿ.

"ನನ್ನ ಕೋಣೇಲಿ ಮಷೀನ್ ಎಣ್ಣೆ ವಾಸನೆ ಇದೆ. ಆದೀತಾ?"

ಆಯಿತು. ಭಾನುವಾರಗಳಲ್ಲಿ ಆ ಮಕ್ಕಳು ಅಲ್ಲಿ ಸೇರತೊಡಗಿದರು. ಬಟ್ಟೆ ಕತ್ತರಿಸುವ ಮೇಜು ಡಾಕ್ಟರ ಮೇಜಾಯಿತು, ಅಳತೆಪಟ್ಟಿ ಕೊರಳಿಗೆ ಬಿದ್ದು ಸ್ಟೆತಾಸ್ಕೋಪ್ ಆಯಿತು. ಯಾರಿಗೆ ಆಸ್ಪತ್ರೆಯ ದಿನ ಹತ್ತಿರ ಬಂದಿದೆಯೋ ಅವರೇ ಆ ವಾರದ ರೋಗಿ. ಡಾಕ್ಟರ ಪಾತ್ರದವರು ಎಷ್ಟು ಸಿಡುಕಿದರೂ ರೋಗಿ ತನ್ನ ಮಾತು ಮುಗಿಸಿಯೇ ಏಳಬೇಕು. ಗುಳಿಗೆ ತಪ್ಪಿದ್ದರೆ ತಪ್ಪಿದೆ ಅನ್ನಬೇಕು. ಶಾಲೆಯ ಪ್ರವಾಸಕ್ಕೆ ಹೊರಟವರಿಗೆ ಅತ್ತೆ ಹತ್ತಿ ತುಂಬಿದ ಪುಟ್ಟ ಚೀಲ ಹೊಲಿದುಕೊಡುತ್ತಿದ್ದಳು, ಗುಳಿಗೆ ಡಬ್ಬಿ ಗಲಗಲ ಅಂದು ಪಕ್ಕದವರ ಕಿವಿ ನಿಮಿರದಿರಲಿ ಅಂತ.

ಇಷ್ಟೆಲ್ಲ ಕಲಿಸಿದ ಅತ್ತೆ ತನ್ನ ಮೆಣಸಿಗೆ ಏನು ಮಾಡುತ್ತಿದ್ದಳು? ರಾತ್ರಿ ಊಟವಾಗಿ ಹಾಸಿಗೆ ಹಾಸಿದ ಮೇಲೆ ತಾನೇ ಗುಳಿಗೆ ತೆಗೆದು, ತಾನೇ ಬಾಯಿಗೆ ಹಾಕಿ, ನೀರು ಕುಡಿಸುತ್ತಿದ್ದಳು. ಹುಡುಗಿ ಹೈಸ್ಕೂಲು ಮೆಟ್ಟಿಲು ಹತ್ತಿದರೂ ಬಿಡಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಒಂದು ಸಲ ಡಾಕ್ಟರು ಮುಖ ಗಂಟಿಕ್ಕಿದರು. "ರಕ್ತದಲ್ಲಿ ವೈರಸ್ ಏರಿದೆ. ಗುಳಿಗೆ ತಪ್ಪಿತಾ?"

"ಒಂದು ದಿನಾನೂ ತಪ್ಪಿಲ್ಲ ಡಾಕ್ಟ್ರೇ! ನನ್ನ ಕೈಯಾರೆ ಕೊಡ್ತೀನಿ," ಅಂದಳು ಅತ್ತೆ.

"ಹೀಗೇ ಏರ್ತಾ ಹೋದ್ರೆ ಈ ಔಷಧಿ ಕೆಲಸ ಮಾಡೋದು ನಿಲ್ಲಿಸುತ್ತೆ. ಮುಂದಿನ ತಿಂಗಳು ಮತ್ತೆ ಬನ್ನಿ."

ಆ ವಾರವೆಲ್ಲ ಅತ್ತೆ ಕಾಲರಿಗೆ ತೋಳು ಹೊಲಿದಳು, ತೋಳಿಗೆ ಜೇಬು ಹೊಲಿದಳು.

ಭಾನುವಾರ ಮಕ್ಕಳು ಮೆಣಸಿನ ಸರದಿಯನ್ನೇ ಆಡಿದರು. ಒಬ್ಬ ಉದ್ದನೆ ಹುಡುಗ ತುಟಿಯಲ್ಲಿ ಕಡ್ಡಿ ಕಚ್ಚಿಕೊಂಡು ಸೂಜಿ ಅತ್ತೆಯಾದ.

"ಹೇಗಿದ್ದೀಯಮ್ಮಾ?" ಅಂತ ಡಾಕ್ಟರಾದವಳು ಕೇಳಿದಳು.

"ಚೆನ್ನಾಗಿದ್ದಾಳೆ! ಹಸಿವು ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ!" ಅಂದ ಉದ್ದನೆಯವ.

"ಹೌದೂ, ರೋಗಿ ಎಲ್ಲಿ?"

"ರೋಗಿ ಯಾಕೆ ಡಾಕ್ಟ್ರೇ? ನಾನೇ ಬಂದಿದ್ದೀನಲ್ಲ!"

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಕಣ್ಣೊರೆಸಿಕೊಂಡು ನೋಡಿದರೆ ಮೆಣಸು ಒಬ್ಬಳೇ ನಗುತ್ತಿರಲಿಲ್ಲ.

ಮುಂದಿನ ತಿಂಗಳು ಡಾಕ್ಟರ ಬಾಗಿಲ ಹತ್ತಿರ ಅತ್ತೆ ನಿಂತುಬಿಟ್ಟಳು. "ನೀನು ಹೋಗು. ನಾನು ಇಲ್ಲೇ ಇರ್ತೀನಿ."

"ಒಬ್ಳೇನಾ?"

"ಡಾಕ್ಟ್ರೇನು ಕಚ್ಚಲ್ಲ. ಕಚ್ಚಿದ್ರೆ ಅವರ ಬಾಯೇ ಉರಿಯೋದು."

ಮೆಣಸು ಹೊರಗೆ ಬರುವಷ್ಟರಲ್ಲಿ ಅತ್ತೆ ತನ್ನ ಸೆರಗಿನ ಅಂಚಿನ ಹೊಲಿಗೆಯನ್ನು ಅರ್ಧ ಬಿಚ್ಚಿಹಾಕಿದ್ದಳು.

"ರಾತ್ರಿ ಗುಳಿಗೆ ತಗೊಂಡ್ರೆ ನಿದ್ದೇನೇ ಬರಲ್ಲ ಅತ್ತೆ. ಬೆಳಗ್ಗೆ ಕ್ಲಾಸಲ್ಲಿ ತೂಕಡಿಕೆ. ಅದಕ್ಕೆ ಎಷ್ಟೋ ಸಲ ನಾಲಿಗೆ ಕೆಳಗಿಟ್ಕೊಂಡು ಆಮೇಲೆ ಉಗುಳಿಬಿಡ್ತಿದ್ದೆ. ಡಾಕ್ಟ್ರಿಗೆ ಎಲ್ಲಾ ಹೇಳ್ದೆ. ಇನ್ಮೇಲೆ ಬೆಳಗ್ಗೆ ತಗೋ ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳೋಕೆ ಅಂತ ಬಾಯಿ ತೆಗೆದ್ರೆ ನೀನು ಗುಳಿಗೆ ಹಾಕ್ತಿದ್ದೆ."

ಅತ್ತೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

"ಇನ್ಮೇಲೆ ನಾನೇ ತಗೋತೀನಿ. ನೀನು ಕೇಳೋ ಹಾಗಿಲ್ಲ," ಅಂದಳು ಮೆಣಸು.

ಕೇಳದೆ ಇರೋದು ಎಷ್ಟು ಕಷ್ಟ ಅಂತ ಅತ್ತೆಗೆ ಆಗ ತಿಳಿಯಿತು. ಬೆಳಗಾದರೆ ಮಾತು ನಾಲಿಗೆ ತುದಿಗೆ ಬಂದು ಕುಣಿಯುತ್ತಿತ್ತು.

"ನೀರು ಬೇಕೇನೇ?"

"ಅತ್ತೆ, ಅದು ಕೇಳಿದ ಹಾಗೇನೇ."

"ಹೋಗ್ಲಿ ಬಿಡು. ಇವತ್ತು ಬಿಸಿಲು ಚೆನ್ನಾಗಿದೆ ಅಲ್ವಾ?"

"ಅದೂ ಕೇಳಿದ ಹಾಗೇನೇ!"

ಕೊನೆಗೆ ಎದ್ದ ತಕ್ಷಣ ಬಾಯಿಗೆ ಗುಂಡುಸೂಜಿ ಕಚ್ಚಿಕೊಳ್ಳುವ ಅಭ್ಯಾಸ ಮಾಡಿಕೊಂಡಳು. ಹೊಲಿಯಲು ಬಟ್ಟೆ ಇರಲಿ ಇಲ್ಲದಿರಲಿ, ಮೆಣಸು ಶಾಲೆಗೆ ಹೊರಡುವ ತನಕ ಬಾಯಿಗೆ ಬೀಗ. ಕೆಲವು ತಿಂಗಳಾದ ಮೇಲೆ ವೈರಸ್ ಪರೀಕ್ಷೆಯ ಕಣ್ಣಿಗೇ ಬೀಳದಷ್ಟು ಇಳಿಯಿತು. ಆ ಸುದ್ದಿಯನ್ನೂ ಡಾಕ್ಟರು ಮೆಣಸಿಗೇ ಹೇಳಿದರು. ಮೆಣಸು ಹೊರಗೆ ಬಂದು ಬೆಂಚಿನಲ್ಲಿ ಕೂತ ಅತ್ತೆಯ ಕಿವಿ ಹಿಂಡಿ ಹೇಳಿದಳು.

ಕಾಲ ಸರಿಯಿತು. ಉದ್ದನೆ ಹುಡುಗ ಲಾರಿ ಓಡಿಸತೊಡಗಿದ. ಡಾಕ್ಟರ ಪಾತ್ರದವಳು ಮದುವೆಯಾಗಿ ಗಂಡನ ಜೊತೆ ಬಂದು ಹೋದಳು. ಮೆಣಸಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅತ್ತೆಗೆ ದಾರ ಪೋಣಿಸಲು ಕಣ್ಣು ಸಾಲದಾಯಿತು. ಬೇರೆ ಊರಲ್ಲಿದ್ದ ತಂಗಿ, "ಬಾ ಅಕ್ಕಾ, ಇನ್ನಾದ್ರೂ ಒಟ್ಟಿಗೆ ಇರೋಣ," ಅಂತ ಕರೆದಳು. "ಹೋಗು ಅತ್ತೆ. ಮನೆ ನಾನು ನೋಡ್ಕೋತೀನಿ, ಕಂಪನೀನೂ," ಅಂದಳು ಮೆಣಸು.

ಅತ್ತೆ ಹೊರಟದ್ದು ಭಾನುವಾರವೇ. ಪೆಟ್ಟಿಗೆ ಬಾಗಿಲಿಗೆ ಬಂದಿತ್ತು. ಒಳಗೆ ಮಕ್ಕಳು ಸೇರಿದ್ದರು. ಅವತ್ತೇ ಹೊಸದಾಗಿ ಒಬ್ಬ ಅಪ್ಪ ಮಗಳನ್ನು ಕರೆದುಕೊಂಡು ಬಂದಿದ್ದ.

"ನಿನ್ನ ಹೆಸರೇನಮ್ಮಾ?" ಅಂತ ಮೆಣಸು ಆ ಹುಡುಗಿಯನ್ನು ಕೇಳಿದಳು.

"ಇವಳಿಗೆ ನಾಚಿಕೆ ಜಾಸ್ತಿ, ನಾನೇ ಹೇಳ್ತೀನಿ," ಅಂತ ಅಪ್ಪ ಶುರುಮಾಡಿದ.

ಅತ್ತೆ ಅವನ ತೋಳು ಹಿಡಿದಳು. "ಬಾಪ್ಪಾ ಇಲ್ಲಿ. ಈ ಪೆಟ್ಟಿಗೆ ಸ್ವಲ್ಪ ಎತ್ಕೋ. ಬಸ್ ಸ್ಟ್ಯಾಂಡಿಗೆ ನನ್ನ ಬಿಟ್ಟು ಬರುವಿಯಂತೆ."

"ಅಲ್ಲಮ್ಮಾ, ಮಗಳು..."

"ಮಗಳಿಗೆ ಬಾಯಿದೆ. ನಿನಗೆ ರಟ್ಟೆ ಇದೆ. ನಡಿ."

ಮೆಣಸು ಬಾಗಿಲಿಗೆ ಬಂದು ಅತ್ತೆಯನ್ನು ಬಿಗಿಯಾಗಿ ಅಪ್ಪಿಕೊಂಡಳು. ಹುಡುಗಿ ಒಳಗೆ ಕಾಯುತ್ತಿದ್ದಳು, ಮೆಣಸು ಒಳಗೆ ಹೋದಳು.

ಅತ್ತೆ ಚಪ್ಪಲಿ ಮೆಟ್ಟಿ ಹೊಸ್ತಿಲು ದಾಟಿದಳು. ಹಿಂದೆ ಪೆಟ್ಟಿಗೆ ಹೊತ್ತ ಅಪ್ಪ ಹೆಜ್ಜೆಗೊಮ್ಮೆ ತಿರುಗಿ ತಿರುಗಿ ನೋಡುತ್ತಿದ್ದ.

"ನೋಡ್ಬೇಡಪ್ಪಾ. ಕಷ್ಟ ಆಗುತ್ತೆ, ಗೊತ್ತು," ಅಂದಳು ಅತ್ತೆ, ತಾನೂ ಮುಂದಕ್ಕೇ ಮುಖ ಮಾಡಿಕೊಂಡು. "ನಡಿ, ಬಸ್ಸು ಬರೋ ಹೊತ್ತಾಯ್ತು."