ಪೌಡರ್ ಹಚ್ಚಿದ ವಿಮಾನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಯುದ್ಧವಿಮಾನಕ್ಕೆ ಪೌಡರ್ ಹಚ್ಚಿದ್ದರು ಎಂದರೆ ಮೊಮ್ಮಕ್ಕಳೇ, ನೀವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತೀರಿ. ನಗಿ, ಪರವಾಗಿಲ್ಲ. ಆದರೆ ಕಥೆ ಕೊನೆಗೆ ಬರುವಾಗ ಮಾತ್ರ ನನ್ನ ಮುಖ ನೋಡಬೇಡಿ. ಇಷ್ಟು ವಯಸ್ಸಾದರೂ ಆ ದಿನವನ್ನು ನೆನೆದರೆ ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗುತ್ತದೆ.

ಆಗ ನನಗೆ ಹತ್ತು ವರ್ಷ. ಬ್ಯಾಂಕಿನಲ್ಲಿದ್ದ ಅಪ್ಪನಿಗೆ ತುಮಕೂರಿನಿಂದ ವಿಶಾಖಪಟ್ಟಣಕ್ಕೆ, ಅಲ್ಲಿಂದ ವಿಜಯವಾಡಕ್ಕೆ ವರ್ಗವಾಗಿತ್ತು. ವಿಶಾಖಪಟ್ಟಣ ಬಿಡುವಾಗ ಹಡಗಿನಲ್ಲಿ ಎಂಜಿನಿಯರಾಗಿದ್ದ ಅಪ್ಪನ ಗೆಳೆಯರೊಬ್ಬರು ಒಂದು ಪೆಟ್ಟಿಗೆ ಕೊಟ್ಟಿದ್ದರು. ಅದರೊಳಗೆ ನಾವೇ ಜೋಡಿಸಬೇಕಾದ ಹಳೆಯ ಕಾಲದ ಒಂದು ಯುದ್ಧವಿಮಾನ ಪುಟ್ಟ ಪುಟ್ಟ ಪ್ಲಾಸ್ಟಿಕ್ ತುಂಡುಗಳಾಗಿ ಕಡ್ಡಿಗಳಿಗೆ ಅಂಟಿಕೊಂಡಿತ್ತು. ಒಂದರ ಮೇಲೊಂದು ರೆಕ್ಕೆ, ನಡುವೆ ಕಡ್ಡಿಗಳು, ಅವುಗಳ ಮಧ್ಯೆ ತಂತಿಗಳು. ಕೈ ಹಾಕಿದವರ ತಾಳ್ಮೆ ಪರೀಕ್ಷಿಸಲೆಂದೇ ಮಾಡಿದ ಹಾಗಿತ್ತು.

ತನಗಾಗಿ ಒಂದು ಒಳ್ಳೆಯ ಪೆನ್ನನ್ನೂ ಕೊಂಡುಕೊಳ್ಳದ ಅಪ್ಪ ಆ ಪೆಟ್ಟಿಗೆಯ ಮುಂದೆ ಮಾತ್ರ ಮಗುವಾಗುತ್ತಿದ್ದರು. ಪ್ರತಿ ಭಾನುವಾರ ಎಣ್ಣೆಸ್ನಾನ ಮುಗಿಸಿ, ನಡುಮನೆಯಲ್ಲಿ ಹಳೆಯ ಪೇಪರ್ ಹಾಸಿ, ಬ್ಲೇಡು ಹಿಡಿದು ಕೂರುತ್ತಿದ್ದರು. ಅಂಟಿನ ವಾಸನೆ ಸಾರಿನ ಒಗ್ಗರಣೆಯ ಜೊತೆ ಮನೆ ತುಂಬುತ್ತಿತ್ತು. ಅಕ್ಕನ ಬೆರಳು ನಡುಗುತ್ತಿರಲಿಲ್ಲವಾದ್ದರಿಂದ ಅಂಟು ಒಣಗುವವರೆಗೆ ರೆಕ್ಕೆ ಹಿಡಿದುಕೊಳ್ಳುವ ಕೆಲಸ ಅವಳದು. ಉಸಿರು ಬಿಗಿಹಿಡಿದು ಕೂರುವ ಕೆಲಸ ನನ್ನದು. ಒಮ್ಮೆ ನಾನು ಸೀನಿ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ತುಂಡೊಂದು ಹಾರಿಹೋಗಿ, ಅರ್ಧ ದಿನ ಹುಡುಕಿದ ಮೇಲೆ ಅಕ್ಕಿ ಡಬ್ಬದ ಕೆಳಗೆ ಸಿಕ್ಕಿತು. ತಂತಿಗಳಿಗಾಗಿ ಅಪ್ಪ ಉಳಿದ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಮೇಲೆ ಹಿಡಿದು, ಮೆತ್ತಗಾದ ಕೂಡಲೇ ಎರಡೂ ಕಡೆ ಎಳೆಯುತ್ತಿದ್ದರು. ಅದು ತಲೆಗೂದಲಿನಷ್ಟು ತೆಳ್ಳಗಾಗುತ್ತಿತ್ತು. ಹತ್ತು ಎಳೆದರೆ ಒಂದು ನೆಟ್ಟಗೆ ಬರುತ್ತಿತ್ತು.

ಹೀಗೆ ಐದಾರು ತಿಂಗಳು ಕಳೆದು ಬಣ್ಣದ ಸರದಿ ಬಂತು. ಅಂಗಡಿಯ ಬಣ್ಣ ಫಳಫಳ ಹೊಳೆಯುತ್ತಿತ್ತು. ಅಪ್ಪ ಅಮ್ಮನ ಮುಖದ ಪೌಡರ್ ತಂದು ಅದಕ್ಕೆ ಕಲಸಿ, ಹೊಳಪು ಹೋಗಲಾಡಿಸಿ, ಸಣ್ಣ ಕುಂಚದಲ್ಲಿ ತೆಳ್ಳಗೆ ಬಳಿದರು.

"ಮದುವೆ ಹೆಣ್ಣಿಗೂ ಇಷ್ಟು ಪೌಡರ್ ಹಚ್ಚಲ್ಲ ಕಣ್ರೀ" ಎಂದು ಅಮ್ಮ ಅಡುಗೆಮನೆಯಿಂದಲೇ ರೇಗಿಸಿದರು.

"ಯುದ್ಧವಿಮಾನ ಹೊಳೀಬಾರದು ಕಣೇ. ಹೊಳೆದ್ರೆ ಶತ್ರು ಕಣ್ಣಿಗೆ ಬೀಳುತ್ತೆ" ಎಂದರು ಅಪ್ಪ.

ನನಗೆ ಮಾತ್ರ ಆ ಮಂಕು ಹಸಿರು ಒಣಗಿದ ಸಗಣಿಯ ಹಾಗೆ ಕಾಣುತ್ತಿತ್ತು. ಅದಕ್ಕೂ ಕಾರಣವಿತ್ತು. ನಮ್ಮ ಮನೆ ಲಾರಿ ಶೆಡ್ಡುಗಳ ಆಟೋನಗರ್‌ಗೆ ಹತ್ತಿರ. ದಸರೆ ಬಂದರೆ ಅಲ್ಲಿನ ಲಾರಿಗಳೆಲ್ಲ ಆಯುಧಪೂಜೆಗೆ ಹೊಸ ಬಣ್ಣ ಹೊಡೆಸಿಕೊಂಡು ಸಾಲಾಗಿ ನಿಲ್ಲುತ್ತಿದ್ದವು. ಆ ಕೆಂಪು, ಆ ನೀಲಿ, ಅದರಲ್ಲಿ ನಮ್ಮ ಮುಖ ಕಾಣಬೇಕು! ನಮ್ಮ ಮನೆಯಲ್ಲಿ ಪೂಜೆಗೆ ಇದ್ದದ್ದು ಅಪ್ಪನ ಸೈಕಲ್ಲು ಒಂದೇ. ಈ ಸಲ ವಿಮಾನವನ್ನೂ ಇಡೋಣ ಎಂದು ಅಪ್ಪ ಒಪ್ಪಿದ್ದರು. ಚಕ್ರದಡಿಗೆ ನಿಂಬೆಹಣ್ಣು ಇಟ್ಟರೆ ವಿಮಾನವೇ ಮುಚ್ಚಿಹೋಗುತ್ತದೆಂದು ಅಕ್ಕ ಬಟಾಣಿಯಷ್ಟು ಪುಟ್ಟ ಎರಡು ಸುಂಡೇಕಾಯಿ ತೆಗೆದಿಟ್ಟಿದ್ದಳು.

ಶಾಲೆಗೆ ಹೋಗುವ ದಾರಿಯಲ್ಲಿ ಲಾರಿಗೆ ಬಣ್ಣ ಹೊಡೆಯುವವರೊಬ್ಬರ ಶೆಡ್ಡು ಇತ್ತು. ತೆಲುಗಿನಲ್ಲಿ ಚಿಕ್ಕಪ್ಪನನ್ನು ಕರೆಯುವಂತೆ ನಾನು ಅವರನ್ನು ಬಾಬಾಯಿ ಎನ್ನುತ್ತಿದ್ದೆ. ಲಾರಿಯ ಹಣೆಯ ಮೇಲೆ ಅವರು ಕಮಲ ಬರೆಯುವುದನ್ನು ಎಷ್ಟು ಹೊತ್ತು ನಿಂತು ನೋಡಿದರೂ ಹೋಗು ಎನ್ನುತ್ತಿರಲಿಲ್ಲ. ಅಪ್ಪನೂ ದಿನಾ ಸೈಕಲ್ಲಿನಿಂದಲೇ ಅವರಿಗೆ ಕೈಯೆತ್ತಿ ನಮಸ್ಕಾರ ಹೇಳಿ ಬ್ಯಾಂಕಿಗೆ ಹೋಗುತ್ತಿದ್ದರು.

ಆಯುಧಪೂಜೆಯ ಹಿಂದಿನ ದಿನ ಅಪ್ಪ ಬ್ಯಾಂಕಿನಲ್ಲಿದ್ದಾಗ ನಾನು ವಿಮಾನವನ್ನು ಪೇಪರಿನ ಮೇಲಿಟ್ಟುಕೊಂಡು ಶೆಡ್ಡಿಗೆ ಹೋದೆ. ಕೆಂಪು ಬಣ್ಣ ಹೊಡೆದುಕೊಡಿ ಎಂದೆ. ಬಾಬಾಯಿ ಅದನ್ನು ತಿರುಗಿಸಿ ನೋಡಿ, ಉಗುರಿನಿಂದ ಮೆಲ್ಲಗೆ ತಟ್ಟಿದರು.

"ಇದಿ ಪ್ಲಾಸ್ಟಿಕ್ ಕದಾ ಬಾಬೂ, ಥಿನ್ನರ್ ತಿನೇಸ್ತದಿ. ನಾನ್ನಗಾರಿನಿ ಅಡಿಗಾವಾ?" ಎಂದರು. ಲಾರಿ ಬಣ್ಣಕ್ಕೆ ಬೆರೆಸುವ ಥಿನ್ನರ್ ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತದೆ, ಅಪ್ಪನನ್ನು ಕೇಳಿದ್ದೀಯಾ ಎಂದು.

"ನಾನ್ನಗಾರೇ ಪಂಪಿಂಚಾರು" ಎಂದುಬಿಟ್ಟೆ. ಅಪ್ಪನೇ ಕಳಿಸಿದ್ದಾರೆ ಎಂಬ ಆ ಸುಳ್ಳನ್ನು ಹೇಳುವಾಗ ನನ್ನ ನಾಲಗೆ ಸ್ವಲ್ಪವೂ ತೊದಲಲಿಲ್ಲ.

ಬ್ಯಾಂಕಿನ ಸಾರೇ ಕಳಿಸಿದ್ದಾರೆ ಎಂದ ಮೇಲೆ ಅವರು ಮತ್ತೆ ಕೇಳಲಿಲ್ಲ. ಪಿಚಕಾರಿಯಿಂದ ಬುಸ್ ಎಂದು ಎರಡು ಸಲ ಬಣ್ಣ ಹೊಡೆದರು. ಅಷ್ಟರಲ್ಲಿ ಯಾರೋ ಕರೆದರೆಂದು ಅವರು ಲಾರಿಯ ಕಡೆ ಹೋದರು. ನಾನು ಒದ್ದೆ ವಿಮಾನ ಎತ್ತಿಕೊಂಡು ಮನೆಗೆ ಓಡಿದೆ. ಅರ್ಧ ದಾರಿಯಲ್ಲೇ ತಂತಿಗಳು ಜೋತುಬಿದ್ದವು. ಆಮೇಲೆ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಮನೆ ಮುಟ್ಟುವಷ್ಟರಲ್ಲಿ ಮೇಲಿನ ರೆಕ್ಕೆ ಕೆಳಗಿನದರ ಮೇಲೆ ಒರಗಿತ್ತು.

ಬಾಗಿಲಲ್ಲಿದ್ದ ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಏನೋ ಮಾಡ್ದೆ?"

ಸಂಜೆ ಅಪ್ಪ ಬಂದರು. ವಿಮಾನ ನೋಡಿ ಅಲ್ಲೇ ಕೂತರು. ಬೈಯಲಿಲ್ಲ. ಯಾರು ಮಾಡಿದ್ದು ಎಂದಷ್ಟೇ ಕೇಳಿದರು.

"ನಾನು ತೋರಿಸೋಕೆ ಅಂತ ತೊಗೊಂಡು ಹೋಗಿದ್ದೆ ಅಷ್ಟೇ. ಬಾಬಾಯಿನೇ ಸುಮ್ನೆ ಬಣ್ಣ ಹೊಡೆದ್ಬಿಟ್ಟ್ರು" ಎಂದೆ.

ಅಪ್ಪ ಬಿಚ್ಚಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿ, ನನ್ನ ಕೈ ಹಿಡಿದು ನಡೆದರು. ಇದು ನಾನೆಣಿಸದ ಸಂಗತಿ. ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳುತ್ತಲೇ ಶೆಡ್ಡು ತಲುಪಿದೆ. ಅಪ್ಪನ ತೆಲುಗಿನಲ್ಲಿ ಯಾವಾಗಲೂ ಒಂದು ಕನ್ನಡದ ಪದ ನುಸುಳುತ್ತಿತ್ತು. "ಏಮಂಡೀ, ಪಿಲ್ಲವಾಡು ಚೂಪಿಂಚಡಾನಿಕಿ ತೆಸ್ತೆ ಅಡಗಕುಂಡಾ ಬಣ್ಣ ವೇಸೇಸ್ತಾರಾ?" ಹುಡುಗ ತೋರಿಸಲು ತಂದರೆ ಕೇಳದೆಯೇ ಬಣ್ಣ ಹೊಡೆಯುವುದೇ ಎಂದು.

ಬಾಬಾಯಿ ನನ್ನನ್ನು ನೋಡಿದರು. ಒಂದೇ ಸಲ. ಅವರು ಒಂದು ಮಾತು ಆಡಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಅವರು ಕೈಯನ್ನು ಬಟ್ಟೆಗೆ ಒರೆಸಿಕೊಂಡು, "ತಪ್ಪು ನಾದೇ ಸಾರೂ. ಬಾಬುನಿ ಏಮೀ ಅನಕಂಡಿ" ಎಂದರು. ತಪ್ಪು ನನ್ನದೇ, ಮಗುವಿಗೆ ಏನೂ ಅನ್ನಬೇಡಿ.

ಹಿಂತಿರುಗುವಾಗ ಅಪ್ಪ, "ಒಳ್ಳೇ ಮನುಷ್ಯ ಅಂದ್ಕೊಂಡಿದ್ದೆ" ಎಂದರು.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಾನು ಅಂಥ ಹೇಡಿ. ಮರುದಿನ ಅಪ್ಪ ಆ ಮುದುಡಿದ ವಿಮಾನವನ್ನೇ ಸೈಕಲ್ಲಿನ ಪಕ್ಕದಲ್ಲಿಟ್ಟು ಕುಂಕುಮವಿಟ್ಟರು. ಅಕ್ಕ ನನ್ನ ಕಡೆ ನೋಡದೆ ಚಕ್ರದಡಿಗೆ ಸುಂಡೇಕಾಯಿ ಇಟ್ಟಳು. ನಾನು ಅದಕ್ಕೆ ಅಡ್ಡಬಿದ್ದೆ. ಏಳಲು ಮನಸ್ಸೇ ಬರಲಿಲ್ಲ. ಅಂದಿನಿಂದ ಅಪ್ಪ ಆ ಶೆಡ್ಡಿನ ಮುಂದೆ ಕೈಯೆತ್ತಲಿಲ್ಲ, ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ನಾನು ಶಾಲೆಗೆ ಬೇರೆ ದಾರಿ ಹಿಡಿದೆ.

ಕಾಲೇಜಿಗೆ ಹೋಗುವ ಕಾಲಕ್ಕೆ ನಾವು ಮತ್ತೆ ವಿಶಾಖಪಟ್ಟಣದಲ್ಲಿದ್ದೆವು. ಒಂದು ದಿನ ಅಪ್ಪನ ಮುಂದೆ ಎಲ್ಲವನ್ನೂ ಹೇಳಿದೆ. ಅಪ್ಪ, "ಅವರಿಗೆ ಹೇಳಿದ್ಯಾ?" ಎಂದು ಕೇಳಿದರು. ಮುಂದಿನ ಭಾನುವಾರವೇ ಇಬ್ಬರೂ ರೈಲು ಹತ್ತಿ ವಿಜಯವಾಡಕ್ಕೆ ಹೋದೆವು. ಶೆಡ್ಡಿದ್ದ ಜಾಗದಲ್ಲಿ ಟೈರಿನ ಅಂಗಡಿ. ಅಕ್ಕಪಕ್ಕದವರು ಯಾವ ಪೇಂಟರು, ಹೆಸರೇನು ಎಂದು ಕೇಳಿದರು. ನನಗೆ ಅವರ ಹೆಸರೇ ಗೊತ್ತಿರಲಿಲ್ಲ. ಬಾಬಾಯಿ ಎಂದರೆ ಅಲ್ಲಿ ಊರಿಗೆಲ್ಲ ಬಾಬಾಯಿಗಳೇ.

ಈಗ ಭೀಮುನಿಪಟ್ಟಣದ ಈ ಮನೆಯಲ್ಲಿ ನಿಮ್ಮ ವಿಮಾನದ ಪೆಟ್ಟಿಗೆ ಬಾಗಿಲಿಗೇ ಬರುತ್ತದೆ. ಹೊಳೆಯದ ಬಣ್ಣ ಸೀಸೆಯಲ್ಲೇ ಸಿಗುತ್ತದೆ, ಅಜ್ಜಿಯ ಪೌಡರಿಗೆ ಯಾರೂ ಕೈಹಾಕಬೇಕಿಲ್ಲ. ಯಾವ ಬಣ್ಣ ಪ್ಲಾಸ್ಟಿಕ್ಕನ್ನು ತಿನ್ನುತ್ತದೆಂದು ಫೋನೇ ಹೇಳಿಕೊಡುತ್ತದೆ. ಅಂಗೈಯಗಲದ ಪಿಚಕಾರಿ ಬೇರೆ. ನಿಮ್ಮನ್ನು ನೋಡಿದರೆ ಅಪ್ಪ ಹೊಟ್ಟೆಕಿಚ್ಚು ಪಡುತ್ತಿದ್ದರು.

ಮೊನ್ನೆ ಭಾನುವಾರ ವಿಮಾನದ ಗಾಜಿನ ಮೇಲೆ ಅಂಟಿನ ಬೆರಳಚ್ಚು ಬಿದ್ದಿದ್ದಾಗ ನಾನು ಯಾರು ಮಾಡಿದ್ದೆಂದು ಕೇಳುವ ಮೊದಲೇ ನಿಮ್ಮಲ್ಲಿ ಚಿಕ್ಕವನು ಓಡಿಬಂದ. "ಅಜ್ಜಾ, ಅದ್ದಂ ಹಾಳಾಯ್ತು. ಅಕ್ಕ ಕಾದು, ನೇನೇ ಚೇಶಾನು" ಎಂದ. ಗಾಜು ಹಾಳಾಯ್ತು, ಅಕ್ಕ ಅಲ್ಲ, ನಾನೇ ಮಾಡಿದ್ದು ಎಂದು. ಕನ್ನಡಕ್ಕೆ ತೆಲುಗು ಬೆರೆಸಿದರೆ ಯಾವಾಗಲೂ ಗದರುವ ನಾನು ಅಂದು ಎದ್ದು ಒಳಗೆ ಹೋದೆ. ಅಜ್ಜನಿಗೆ ಸಿಟ್ಟು ಬಂದಿದೆ ಎಂದುಕೊಂಡು ನೀವಿಬ್ಬರೂ ಬಾಗಿಲಲ್ಲೇ ನಿಂತಿರಿ. ಸಿಟ್ಟಲ್ಲ ಮಕ್ಕಳೇ. ಆ ಸಂಜೆ ಶೆಡ್ಡಿನ ಮುಂದೆ ನಾನು ಹೇಳಬೇಕಾಗಿದ್ದದ್ದು ಅವೇ ಎರಡು ಪದ. ನೇನೇ ಚೇಶಾನು. ಅವು ಇನ್ನೂ ನನ್ನ ಬಾಯಲ್ಲೇ ಇವೆ, ಕೇಳಿಸಿಕೊಳ್ಳಬೇಕಾದವರು ಇಲ್ಲ.